ತಾರ್ ಬಾಬುವಿನ ಬೆಂಡು

ಕೋಸಗಿ ದಾಟಿ ರೈಲು ತುಂಗಭದ್ರೆಯ ಸೇತುವೆ ಹತ್ತುವ ಮೊದಲು ಒಂದು ಸಣ್ಣ ಸ್ಟೇಷನ್ ಸಿಗುತ್ತಿತ್ತು. ಮೇಲ್ ಗಾಡಿ ಅಲ್ಲಿ ನಿಲ್ಲುತ್ತಿರಲಿಲ್ಲ, ಪ್ಯಾಸೆಂಜರ್ ಮಾತ್ರ ನಿಲ್ಲುತ್ತಿತ್ತು. ಆದವಾನಿ ಸೀಮೆ ಬಳ್ಳಾರಿ ಜಿಲ್ಲೆಯಿಂದ ಕಳಚಿಕೊಂಡು ಆಂಧ್ರಕ್ಕೆ ಸೇರಿದ ಮರುವರ್ಷ ಅಲ್ಲಿ ಗುರುರಾಜ ಎಂಬವನು ತಾರ್ ಬಾಬು ಆಗಿದ್ದ. ತಂತಿಯಲ್ಲಿ ಬರುವ ಉದ್ದ ಗಿಡ್ಡ ಕಟಕಟ ಸದ್ದನ್ನು ಕೇಳಿ ಅಕ್ಷರ ಮಾಡಿ ಬರೆದುಕೊಳ್ಳುವುದು, ಇಲ್ಲಿಂದ ಹೇಳಬೇಕಾದ್ದನ್ನು ಕೀಲಿ ಒತ್ತಿ ಕಳಿಸುವುದು ಅವನ ಕೆಲಸ. ಆ ಭಾಗದಲ್ಲಿ ಒಂದು ಗಾಡಿ ಈ ಸ್ಟೇಷನ್ ಬಿಟ್ಟು ಮುಂದಿನದಕ್ಕೆ ಹೊರಡಬೇಕಾದರೆ ಮೊದಲು ತಂತಿಯಲ್ಲಿ ಕೇಳಬೇಕಿತ್ತು. ಬರಲಿ ಎಂಬ ಉತ್ತರ ಬಂದ ಮೇಲೆಯೇ ಗಾಡಿ ಕದಲುತ್ತಿತ್ತು.

ಗುರುರಾಜನ ಕಿವಿ ಆ ಕೆಲಸಕ್ಕೆಂದೇ ಹುಟ್ಟಿದಂತಿತ್ತು. ಕೈಯಲ್ಲಿ ಟಿಕೆಟ್ಟು ಕೊಡುತ್ತ, ಬಾಯಲ್ಲಿ ಯಾರಿಗೋ ಗಾಡಿಯ ವೇಳೆ ಹೇಳುತ್ತ, ಕಿವಿಯಲ್ಲಿ ತಂತಿ ಕೇಳುತ್ತಿದ್ದ. ಆಚೆ ತುದಿಯಲ್ಲಿ ಕೀಲಿ ಒತ್ತುತ್ತಿರುವವನು ಯಾರು, ಅವನು ಊಟ ಮಾಡಿದ್ದಾನೋ ಹಸಿದಿದ್ದಾನೋ ಎಂಬುದನ್ನೂ ಸದ್ದಿನಲ್ಲೇ ಹೇಳಬಲ್ಲ ಎಂದು ಸ್ಟೇಷನ್ ಮಾಸ್ಟರ್ ಶ್ರೀರಾಮುಲು ಬಂದವರ ಮುಂದೆಲ್ಲ ಹೊಗಳುತ್ತಿದ್ದರು.

ಆ ಮಳೆಗಾಲದಲ್ಲಿ ಅವನಿಗೆ ವಿಷಮಶೀತ ಜ್ವರ ಬಂತು. ಬದುಕಿದ್ದೇ ಹೆಚ್ಚು ಎಂದು ಎಲ್ಲರೂ ಅಂದರು. ಜ್ವರವೇನೋ ಬಿಟ್ಟಿತು, ಹೋಗುವಾಗ ಎಡಗಿವಿಯನ್ನು ತನ್ನ ಜೊತೆ ತೆಗೆದುಕೊಂಡು ಹೋಯಿತು. ದಸರೆಯ ಹೊತ್ತಿಗೆ ಬಲಗಿವಿಯೂ ಮಂದವಾಗತೊಡಗಿತು. ಮೊದಲು ಹೋದದ್ದು ಸಣ್ಣ ಸದ್ದುಗಳು. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವುದು, ಬೇವಿನ ಮರದ ಗುಬ್ಬಿಗಳು, ಹೆಂಡತಿಯ ಬಳೆ. ತಂತಿಯ ಸದ್ದೂ ಸಣ್ಣದೇ. ಹಿತ್ತಾಳೆಯ ಪುಟ್ಟ ತೋಳೊಂದು ಯಂತ್ರದಲ್ಲಿ ಮೇಲೆ ಕೆಳಗೆ ಬಡಿಯುತ್ತದೆ, ಅಷ್ಟೇ. ಗುರುರಾಜ ಸಿಗರೇಟಿನ ಖಾಲಿ ಡಬ್ಬಿಯೊಂದನ್ನು ಆ ಯಂತ್ರದ ಬೆನ್ನಿಗೆ ಸಿಕ್ಕಿಸಿದ. ಸದ್ದು ಡಬ್ಬಿಯೊಳಗೆ ಹೊಕ್ಕು ದೊಡ್ಡದಾಗಿ ಹೊರಗೆ ಬರುತ್ತಿತ್ತು. ಕೆಲವು ದಿನ ಅದರಿಂದ ನಡೆಯಿತು. ಆಮೇಲೆ ಡಬ್ಬಿಯ ಸದ್ದೂ ದೂರವಾಯಿತು.

ಆದವಾನಿಯ ಎಣ್ಣೆ ಮಿಲ್ಲಿಗೆ ಹೋಗಬೇಕಿದ್ದ ಶೇಂಗಾದ ವ್ಯಾಗನ್ನು ಹೊಳೆ ದಾಟಿ ರಾಯಚೂರಿಗೆ ಹೋದಾಗ ಶ್ರೀರಾಮುಲು ಮೊದಲ ಸಲ ಅವನ ಮೇಲೆ ರೇಗಿದರು. ಅವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ.

“ಏಮಯ್ಯಾ ಗುರುರಾಜಾ, ಕುಂತಲ್ಲೇ ನಿದ್ದಿ ಮಾಡ್ತೀಯೇನು? ಅವರು ಕಳಿಸಿದ್ದೊಂದು, ನೀ ಬರ್ದಿದ್ದೊಂದು ಕದಾ!”

“ಜ್ವರದ ಸುಸ್ತು ಇನ್ನೂ ಹೋಗಿಲ್ರಿ,” ಎಂದ ಗುರುರಾಜ.

ಮನೆಯಲ್ಲಿ ಹೆಂಡತಿ ಕಾವೇರಿಬಾಯಿಗೆ ಮಾತ್ರ ನಿಜ ಗೊತ್ತಿತ್ತು. ಆಕೆ ಅವನ ಎದುರಿಗೆ ಬಂದು ಕುಳಿತು, ತುಟಿ ಬಿಡಿಸಿ ಬಿಡಿಸಿ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಳು.

“ಮಾಸ್ತರ್ ಮುಂದ ಹೇಳಿಬಿಡ್ರಿ. ಅವ್ರು ಒಳ್ಳೆಯವ್ರಿದ್ದಾರ.”

“ಹೇಳಿದ್ರ ಕೆಲಸ ಹೋಗ್ತದ. ಕಿವುಡ ತಾರ್ ಬಾಬುನ್ನ ಯಾರು ಇಟ್ಕೋತಾರ?”

“ಹೇಳದಿದ್ರ ಏನಾಗ್ತದ ಅಂತ ವಿಚಾರ ಮಾಡೀರೇನು?”

ಗುರುರಾಜ ಬೇರೆ ಕಡೆ ಮುಖ ತಿರುಗಿಸಿದ. ಮಾತು ಬೇಡವಾದಾಗ ಮುಖ ತಿರುಗಿಸಿದರೆ ಸಾಕು ಎಂಬ ಅನುಕೂಲವೊಂದು ಅವನಿಗೆ ಹೊಸದಾಗಿ ಒದಗಿತ್ತು.

ಕಾರ್ತಿಕ ಬಂದಾಗ ಹೊಳೆಯ ನೀರು ತಿಳಿಯಾಯಿತು. ಮೇಲೆ ಹೊಸಪೇಟೆಯ ಹತ್ತಿರ ಅಣೆಕಟ್ಟು ಆದ ಮೇಲೆ ಹೊಳೆ ಮೊದಲಿನ ಹಾಗೆ ದಡ ತುಂಬಿ ಹರಿಯುತ್ತಿರಲಿಲ್ಲ. ಬಂಡೆಗಳ ನಡುವೆ ಐದಾರು ಸೀಳಾಗಿ ಹರಿದು, ಮಡುಗಳಲ್ಲಿ ನಿಂತು, ಮತ್ತೆ ಹರಿಯುತ್ತಿತ್ತು. ಗುರುರಾಜ ಬೆಳಗಿನ ಪ್ಯಾಸೆಂಜರನ್ನು ಕಳಿಸಿ ಸ್ನಾನ ಸಂಧ್ಯಾವಂದನೆಗೆ ಅಲ್ಲಿಗೆ ಹೋಗುತ್ತಿದ್ದ. ಒಂದು ದಿನ ಅವನು ಕಣ್ಣು ಮುಚ್ಚಿ ಜಪಕ್ಕೆ ಕುಳಿತಿದ್ದಾಗ ಎದುರಿನ ನೀರಿನಲ್ಲಿ ಯಾರೋ ಕಲ್ಲೆಸೆದರು. ಮುಖಕ್ಕೆ ನೀರು ಸಿಡಿಯಿತು. ಕಣ್ಣು ತೆರೆದರೆ ಆಚೆಯ ಬಂಡೆಯ ಮೇಲೆ ಗಂಗಕ್ಕ ನಿಂತು ಕೈ ಬೀಸುತ್ತಿದ್ದಳು.

ಗಂಗಕ್ಕ ಐವತ್ತು ದಾಟಿದ ಹೆಂಗಸು. ಸೇತುವೆಯ ಉಸ್ತುವಾರಿ ನೋಡುತ್ತಿದ್ದ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಬಹಳ ವರ್ಷ ಅಡಿಗೆ ಮಾಡಿಕೊಂಡಿದ್ದವಳು. ಆ ದೊರೆಯ ಹೆಂಡತಿ, ದೊರೆಸಾನಿಗೆ, ಪುಕ್ಕದ ಹುಳ ಕಟ್ಟಿ ಮೀನು ಹಿಡಿಯುವ ಹುಚ್ಚು. ಮೊದಲು ಬುಟ್ಟಿ ಹೊರಲು ಗಂಗಕ್ಕನನ್ನು ಕರೆದುಕೊಂಡು ಹೋಗುತ್ತಿದ್ದಳು. ಜೊತೆಗೆ ಮಾತಾಡಲು ಬೇರೆ ಯಾರೂ ಇಲ್ಲದ್ದರಿಂದ ಆಮೇಲೆ ಕೋಲು ಬೀಸುವುದನ್ನೂ ಕಲಿಸಿದಳು. ಸ್ವಾತಂತ್ರ್ಯ ಬಂದು ಅವರು ಹಡಗು ಹತ್ತುವಾಗ ಆ ಕೋಲು, ದಾರ ಸುತ್ತುವ ಗಾಲಿ, ರೇಷ್ಮೆಯ ದಾರ ಎಲ್ಲವನ್ನೂ ಗಂಗಕ್ಕನಿಗೇ ಕೊಟ್ಟು ಹೋಗಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಚ್ಚೆ ಬಿಗಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಆ ಹೆಂಗಸು ದೊರೆಗಳ ಕೋಲು ಬೀಸುವುದನ್ನು ಊರವರು ನೋಡಿ ನೋಡಿ, ಈಗ ನೋಡುವುದನ್ನೇ ಬಿಟ್ಟಿದ್ದರು.

ಆಕೆ ತೋರಿಸಿದ ಕಡೆ ಗುರುರಾಜ ನೋಡಿದ. ಬಂಡೆಯ ಮೇಲೆ ಹಿಂಡಿ ಇಟ್ಟಿದ್ದ ಅವನ ಧೋತರ ಜಾರಿ ಬಿದ್ದು, ಸೆಳವಿನಲ್ಲಿ ಸಲೀಸಾಗಿ ಸೇತುವೆಯ ಕಡೆ ಹೊರಟಿತ್ತು. ಅವನು ಏಳುವಷ್ಟರಲ್ಲಿ ಗಂಗಕ್ಕ ಕೋಲನ್ನು ಹಿಂದಕ್ಕೆ ಎತ್ತಿದಳು. ದಾರ ಅವಳ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಡೆದು, ಮುಂದಕ್ಕೆ ಬೀಸಿದಳು. ದಾರ ಗಾಳಿಯಲ್ಲಿ ಸುರುಳಿ ಬಿಚ್ಚುತ್ತ ಹೋಗಿ ಧೋತರದ ಆಚೆ ಬಿತ್ತು. ಒಮ್ಮೆ ಜಗ್ಗಿದಳು. ಗಾಳ ಅಂಚಿಗೆ ಸಿಕ್ಕಿಕೊಂಡಿತು. ಧೋತರ ದೊಡ್ಡ ಮೀನಿನಂತೆ ಎಳೆಸಿಕೊಂಡು ದಡಕ್ಕೆ ಬಂತು.

“ಆಚಾರ್ರೇ, ನಿಮಗ ಕಿವಿ ಕೇಳಂಗಿಲ್ಲ ಅಲ್ಲಾ?” ಎಂದಳು ಹತ್ತಿರ ಬಂದು. ಅವಳ ಬಾಯಿ ಅಗಲ, ಮಾತು ತುಟಿಯ ಮೇಲೆ ಚೆನ್ನಾಗಿ ಕಾಣುತ್ತಿತ್ತು.

ಗುರುರಾಜ ಬೆಚ್ಚಿದ. “ಯಾರು ಹೇಳಿದ್ರು ನಿನಗ?”

“ಯಾರು ಹೇಳಬೇಕು? ಧೋತರ ಹೊಂಟೈತಿ, ಧೋತರ ಹೊಂಟೈತಿ ಅಂತ ಆಗ್ಲಿಂದ ಒದರಾಕ ಹತ್ತೀನಿ. ಸೇತುವಿ ಮ್ಯಾಲಿನ ವಾಚ್‌ಮನ್ ತಿರುಗಿ ನೋಡ್ದ, ನೀವು ನೋಡ್ಲಿಲ್ಲ.”

“ಯಾರ ಮುಂದೂ ಹೇಳಬ್ಯಾಡ ಗಂಗಕ್ಕ.”

“ನಂಗ್ಯಾಕ ಬೇಕು ಆ ಸುದ್ದಿ,” ಎಂದು ಗಂಗಕ್ಕ ಗಾಳ ಬಿಡಿಸಿಕೊಂಡು ತನ್ನ ಬಂಡೆಗೆ ಹೋದಳು. ಮೀನಿನ ಗಾಳ ತಗುಲಿದ ಧೋತರವನ್ನು ಗುರುರಾಜ ಮತ್ತೊಮ್ಮೆ ಜಾಲಿಸಬೇಕಾಯಿತು. ಒಣಗುವತನಕ ಅಲ್ಲೇ ಕುಳಿತ. ಬೇರೇನೂ ಕೆಲಸವಿಲ್ಲದ್ದರಿಂದ ಅವಳು ಮಾಡುವುದನ್ನು ನೋಡಿದ.

ಗಾಳಕ್ಕೆ ಕಟ್ಟಿದ್ದು ಕೋಳಿಯ ಪುಕ್ಕ ಮತ್ತು ನೂಲಿನಿಂದ ಮಾಡಿದ ಹುಳ. ಅದು ನೀರಿನ ತಳಕ್ಕೆ ಹೋಗುತ್ತಿತ್ತು. ಅದರ ಮೇಲೆ, ದಾರದಲ್ಲಿ, ನೆಲ್ಲಿಕಾಯಿಗಿಂತ ಸಣ್ಣದೊಂದು ಬೆಂಡಿನ ಉಂಡೆ. ಬಾಸಿಂಗ ಮಾಡುವವರು ಬಳಸುವ ಹಗುರವಾದ ಬಿಳಿ ಬೆಂಡು, ಕೋಸಗಿಯಿಂದ ತರಿಸುತ್ತಿದ್ದಳು. ಅರ್ಧಕ್ಕೆ ಕೆಂಪು ಬಣ್ಣ, ಅರ್ಧಕ್ಕೆ ದೀಪದ ಕಾಡಿಗೆ. ನೆರಳಿನ ನೀರಿನಲ್ಲಿ ಕೆಂಪು ಕಾಣುತ್ತದೆ, ಬಿಸಿಲಿಗೆ ನೀರು ಬೆಳ್ಳಗೆ ಹೊಳೆಯುವಾಗ ಕಪ್ಪು ಕಾಣುತ್ತದೆ.

ಮರುದಿನವೂ ಅವನು ಅಲ್ಲಿಗೇ ಹೋದ. ಅದರ ಮರುದಿನ ಕೇಳಿದ, “ಮೀನು ಕಚ್ಚಿದ್ದು ಕೈಗೆ ತಿಳೀತದಲ್ಲ, ಅದ್ಯಾಕ ಬೇಕು?”

“ಎರಿಹುಳ ಆದ್ರ ನುಂಗತೈತಿ, ಜಗ್ಗತೈತಿ, ಕೈಗೆ ಗೊತ್ತಾಗತೈತಿ. ಇದು ಪುಕ್ಕ ಅಲ್ಲೇನ್ರಿ? ಬಾಯಾಗ ಹಾಕ್ಕೊಂತೈತಿ, ಸುಳ್ಳು ಅಂತ ಗೊತ್ತಾದಕೂಡ್ಲೇ ಉಗುಳತೈತಿ. ಅಷ್ಟ್ರಾಗ ಜಗ್ಗಬೇಕು. ಕೈಗೆ ಗೊತ್ತಾಗ್ಲಿ ಅಂತ ಕುಂತ್ರ ಮೀನು ಮನಿಗೆ ಹೋಗಿರತೈತಿ.”

“ದೊರೆಸಾನಿ ಕಲಿಸಿದ್ಲೇನು ಇದನ್ನ?”

“ಎಲ್ಲಿ! ಆಕಿ ನೋಡಿದ್ರ ಬೈತಿದ್ಲು. ಬೆಂಡು ಕಟ್ಟಿ ಹಿಡಿಯೋದು ಸಣ್ಣ ಹುಡುಗ್ರ ಆಟ ಅಂತಿದ್ಲು. ಆಕಿ ಹುಳ ನೀರ ಮ್ಯಾಲೆ ತೇಲಿ ಬಿಡ್ತಿದ್ಲು, ಕಣ್ಣಿಗೆ ಕಾಣತಿತ್ತು. ಈ ಹೊಳ್ಯಾಗ ಮೀನು ತಳದಾಗ ಇರ್ತಾವು. ತಳದಾಗ ಬಿಟ್ರ ಏನು ಕಾಣತೈತಿ? ಆಕಿ ಹೋದಮ್ಯಾಲೆ ನಾನೇ ಕಟ್ಟಿಕೊಂಡೆ. ಆಕಿಗೆ ಹೆಸ್ರು ಬೇಕಿತ್ತು, ನಂಗ ಮೀನು ಬೇಕು.”

ನೋಡುವುದಕ್ಕೆ ಏನೂ ಇಲ್ಲ ಎನಿಸುವ ಆ ಆಟ ಗುರುರಾಜನನ್ನು ಹಿಡಿದುಬಿಟ್ಟಿತು. ಬೆಂಡು ನೊರೆಯ ಗುಳ್ಳೆಗಳ ಜೊತೆ ಅದೇ ವೇಗದಲ್ಲಿ ತೇಲಬೇಕು. ಮುಂದೆ ಓಡಿದರೂ ಹಿಂದೆ ಬಿದ್ದರೂ ದಾರ ಅದನ್ನು ಎಳೆಯುತ್ತಿದೆ ಎಂದರ್ಥ. ಮೀನು ಹತ್ತಿರ ಬರುವುದಿಲ್ಲ. ಬೆಂಡು ಮುಳುಗುವುದನ್ನೇ ಕಾಯುವವನು ಕೆಟ್ಟ. ಅದು ಎಲ್ಲೋ ಒಂದು ಕಡೆ ಚೂರು ತಡೆಯುತ್ತದೆ, ಮಾತಾಡುತ್ತಿದ್ದವನು ಮರೆತದ್ದನ್ನು ನೆನಪಿಸಿಕೊಳ್ಳಲು ನಿಂತಂತೆ. ಅದೇ ಹೊತ್ತು. ಗಾಳ ಕಲ್ಲಿಗೆ ತಗುಲಿದರೂ ತಡೆಯುತ್ತದೆ, ಆದರೆ ಕಲ್ಲು ದಿನವೂ ಅದೇ ಜಾಗದಲ್ಲಿ, ಅದೇ ರೀತಿ ತಡೆಯುತ್ತದೆ. ಮೀನಿನ ಬಾಯಿ ಹಾಗಲ್ಲ. ಈ ಎರಡರ ವ್ಯತ್ಯಾಸ ಗುರುರಾಜನಿಗೆ ಬೇಗ ಹಿಡಿತಕ್ಕೆ ಬಂತು. ಇಷ್ಟು ವರ್ಷ ಅವನು ಮಾಡಿದ್ದೂ ಅದೇ ತಾನೆ, ಉದ್ದ ಗಿಡ್ಡ ತಡೆಗಳನ್ನು ಎಣಿಸುವುದು.

ಒಂದು ಬೆಳಿಗ್ಗೆ ಬೆಂಡು ನಡು ಮಡುವಿನಲ್ಲಿ ತಡೆಯಿತು. ಗಂಗಕ್ಕನ ಕಣ್ಣು ಅತ್ತ ಇರಲಿಲ್ಲ. “ಜಗ್ಗು!” ಎಂದು ಗುರುರಾಜ ಕೂಗಿಬಿಟ್ಟ. ಆಕೆ ಜಗ್ಗಿದಳು. ಕೋಲು ಬಾಗಿತು, ಗಾಲಿ ತಿರುಗಿತು, ಬಹಳ ಹೊತ್ತಿನ ಮೇಲೆ ಮೊಳದುದ್ದದ ಬೆಳ್ಳಿ ಬಣ್ಣದ ಮೀನು ಬಂಡೆಯ ಮೇಲೆ ಬಂದು ಬಡಿದುಕೊಂಡಿತು. ಗುರುರಾಜ ಅದರ ಕಣ್ಣು ನೋಡಿದ, ತನ್ನ ಜನಿವಾರ ನೋಡಿಕೊಂಡ, ಮತ್ತೊಮ್ಮೆ ಸ್ನಾನ ಮಾಡಿ ಮನೆಗೆ ಹೋದ.

“ಹೊಳಿ ದಂಡ್ಯಾಗ ಕೂತು ಮೀನು ಹಿಡಿಸ್ತೀರಂತ,” ಎಂದಳು ಕಾವೇರಿಬಾಯಿ ಅನ್ನ ಬಡಿಸುತ್ತ. “ನಿಮ್ಮಪ್ಪ ಮಠದಾಗ ಪುರಾಣ ಹೇಳಿದವ್ರು. ಮಂದಿ ಏನಂದಾರು?”

“ನಾ ಬರೇ ನೋಡ್ತೀನಿ.”

“ನೀವು ಕೂಗಿದ್ದು ಇಲ್ಲಿತನಕ ಕೇಳಿಸ್ತು. ಕೇಳ್ಸದೇ ಇದ್ದದ್ದು ನಿಮಗೊಬ್ಬರಿಗೇ.”

ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಆ ದಿನ ಮಧ್ಯಾಹ್ನ ತಂತಿಯ ಯಂತ್ರದ ಮುಂದೆ ಕುಳಿತಾಗ, ಸದ್ದು ಪೂರ್ತಿ ಸತ್ತಿತ್ತು. ಹಿತ್ತಾಳೆಯ ತೋಳು ಅಲ್ಲಾಡುತ್ತಿದೆಯೆಂದು ಬೆರಳಿಟ್ಟರೆ ಗೊತ್ತಾಗುತ್ತಿತ್ತು, ಆದರೆ ಬೆರಳಿಟ್ಟರೆ ಅದರ ಬಡಿತವೇ ಕೆಡುತ್ತಿತ್ತು. ಕಣ್ಣಿಗೆ ಕಾಣುವಷ್ಟು ಅದು ಅಲ್ಲಾಡುತ್ತಿರಲಿಲ್ಲ. ನೀರಿನ ತಳದ ಹುಳದ ಹಾಗೆ, ಎಂದುಕೊಂಡ. ಹಾಗೆ ಅಂದುಕೊಂಡ ಮೇಲೆ ಎದ್ದು ನಿಂತ.

ಗಂಗಕ್ಕನಿಂದ ಸಾಸಿವೆಗಿಂತ ತುಸು ದೊಡ್ಡ ಬೆಂಡಿನ ಚೂರು, ಒಂದು ನವಿಲುಗರಿ ತಂದ. ಗರಿಯ ಎಳೆಗಳನ್ನೆಲ್ಲ ಕಿತ್ತು, ತುದಿಯ ಕಣ್ಣಿನ ಚೂರೊಂದನ್ನು ಮಾತ್ರ ಉಳಿಸಿ, ಕಡ್ಡಿಯನ್ನು ಹೆರೆದು ಹೆರೆದು ಕೂದಲಿನಷ್ಟು ಹಗುರ ಮಾಡಿದ. ಕಡ್ಡಿಯ ಬುಡವನ್ನು ಹಿತ್ತಾಳೆಯ ತೋಳಿಗೆ ಗೋಂದು ಹಚ್ಚಿ ನೂಲು ಸುತ್ತಿ ಕಟ್ಟಿದ. ತುದಿಗೆ ಬೆಂಡು ಅಂಟಿಸಿ ಕಾಡಿಗೆ ಬಳಿದ, ಹಿಂದೆ ಬಿಳಿ ಕಾಗದ ನಿಲ್ಲಿಸಿದ. ಬುಡದಲ್ಲಿ ಕಾಣದ ಅಲುಗಾಟ ತುದಿಯಲ್ಲಿ ಬೆರಳಗಲವಾಯಿತು. ಬೆಂಡು ಕೆಳಗಿಳಿದು ಕೂಡಲೇ ಮೇಲೆದ್ದರೆ ಗಿಡ್ಡ. ಕೆಳಗೆ ತಡೆದು ಎದ್ದರೆ ಉದ್ದ. ಮೊದಲ ದಿನಗಳಲ್ಲಿ ಕಣ್ಣಿನಿಂದ ನೀರು ಸುರಿಯಿತು. ಆಮೇಲೆ ಅಕ್ಷರಗಳು ಒಂದೊಂದಾಗಿ, ಆಮೇಲೆ ಮಾತುಗಳಾಗಿ ಬಂದವು.

ಆ ಗರಿಯನ್ನು ನೋಡಿ ಶ್ರೀರಾಮುಲು ಏನೂ ಕೇಳಲಿಲ್ಲ. ಮಾಧ್ವರ ಹುಡುಗ, ಸಾಯುವ ಜ್ವರದಿಂದ ಬದುಕಿ ಬಂದವನು, ಕೃಷ್ಣನ ನವಿಲುಗರಿ ಕಟ್ಟಿಕೊಂಡಿದ್ದಾನೆ ಎಂದು ತಾವೇ ಅರ್ಥ ಮಾಡಿಕೊಂಡು, ದಿನವೂ ಬಂದಕೂಡಲೆ ಅದರ ಕಡೆ ಕೈ ತೋರಿಸಿ ಕಣ್ಣಿಗೊತ್ತಿಕೊಳ್ಳತೊಡಗಿದರು. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಪೆದ್ದಣ್ಣ ಮೇಜಿನ ಕಾಲಿಗೆ ಕುಂಕುಮ ಹಚ್ಚಿದ. ಗುರುರಾಜ ಯಾರನ್ನೂ ತಿದ್ದಲಿಲ್ಲ. ತಪ್ಪುಗಳು ನಿಂತವು. ಹುಡುಗನಿಗೆ ಮೊದಲಿನ ಕೈ ಬಂತು ಎಂದು ಶ್ರೀರಾಮುಲು ಮತ್ತೆ ಹೊಗಳತೊಡಗಿದರು.

ಆದರೆ ಕಿವಿ ಬೇರೆ, ಕಣ್ಣು ಬೇರೆ. ಕಿವಿ ಕೋಣೆಯ ಯಾವ ಮೂಲೆಯಲ್ಲಿದ್ದರೂ ತಂತಿ ಕರೆದದ್ದು ಕೇಳುತ್ತದೆ. ಕಣ್ಣು ನೋಡಿದ ಕಡೆಯೇ ನೋಡುತ್ತದೆ. ಗುರುರಾಜ ಮೇಜನ್ನು ತಿರುಗಿಸಿ, ಟಿಕೆಟ್ಟಿನ ಕಿಂಡಿ ಯಂತ್ರದ ನೇರಕ್ಕೆ ಬರುವ ಹಾಗೆ ಮಾಡಿಕೊಂಡ. ನೀರು ಕುಡಿಯುವಾಗಲೂ ಲೋಟದ ಅಂಚಿನ ಮೇಲಿಂದ ಗರಿಯನ್ನು ನೋಡುತ್ತಿದ್ದ. ಗೂಡ್ಸ್ ಗಾಡಿ ಹಾದುಹೋಗುವಾಗ ಮೇಜೇ ನಡುಗಿ ಬೆಂಡು ಹುಚ್ಚೆದ್ದು ಕುಣಿಯುತ್ತಿತ್ತು. ಅದರಲ್ಲಿ ಕಲ್ಲು ಯಾವುದು, ಬಾಯಿ ಯಾವುದು ಎಂದು ಬಿಡಿಸಿಕೊಳ್ಳಬೇಕಿತ್ತು. ಮನೆಗೆ ಬಂದು ಮಲಗಿದರೆ ಮುಚ್ಚಿದ ಕಣ್ಣಿನೊಳಗೂ ಕಪ್ಪು ಚುಕ್ಕೆಯೊಂದು ಏಳುತ್ತ ಬೀಳುತ್ತ ಇರುತ್ತಿತ್ತು. ಅವನು ಸೊರಗಿದ. ಹೊಳೆಗೆ ಹೋಗುವುದನ್ನೂ ಕಡಿಮೆ ಮಾಡಿದ. ಅಲ್ಲಿ ಮತ್ತೊಂದು ಬೆಂಡು ನೋಡುವ ಶಕ್ತಿ ಉಳಿದಿರುತ್ತಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ದಿನಗಳಲ್ಲಿ ಒಂದು ಮಧ್ಯಾಹ್ನ ಶ್ರೀರಾಮುಲು ಊಟಕ್ಕೆ ಹೋಗಿದ್ದರು. ಯಾವ ಗಾಡಿಯ ವೇಳೆಯೂ ಅಲ್ಲ. ಬಾಗಿಲಲ್ಲಿ ನೆರಳು ಬಿತ್ತು. ಗಂಗಕ್ಕ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಹೆಬ್ಬೆರಳಿನ ಬುಡದ ಮಾಂಸದಲ್ಲಿ ಪುಕ್ಕದ ಹುಳ ಕುಳಿತಿತ್ತು. ಹಿಂದಿನಿಂದ ಗಾಳಿ ಬೀಸಿ ದಾರ ತಿರುಗಿ ಬಂದು ಹೊಡೆದಿತ್ತು. ಗಾಳದ ಮುಳ್ಳು ಒಳಗೆ ಹೋಗಿದ್ದರಿಂದ ಜಗ್ಗಿದಷ್ಟೂ ಮಾಂಸ ಕೀಳುತ್ತಿತ್ತು.

“ಕಂಪೌಂಡರ್ ಕೋಸ್ಗ್ಯಾಗ ಅದಾನ,” ಎಂದಳು. ಅವಳ ತುಟಿಗಳು ಬೆಳ್ಳಗಾಗಿದ್ದವು. “ಸಂಜಿ ಗಾಡಿತನಕ ತಡಿಯಾಕ ಆಗವಲ್ದು ಆಚಾರ್ರೇ. ಕೈ ಬಾತೈತಿ.”

ಅವಳ ಮಾತು ಓದಲು ಗುರುರಾಜ ಗರಿಯಿಂದ ಕಣ್ಣು ತೆಗೆಯಬೇಕಾಯಿತು. ತಿರುಗಿ ಗರಿ ನೋಡಿದ. ಅದು ಸುಮ್ಮನಿತ್ತು. ಕೈ ನೋಡಿದ. ಈ ಕೆಲಸಕ್ಕೆ ಎರಡೂ ಕೈ, ಎರಡೂ ಕಣ್ಣು ಬೇಕು ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

“ಕೂಡು,” ಎಂದ.

ತಂತಿ ಕತ್ತರಿಸುವ ಇಕ್ಕಳ ತೆಗೆದು ಅದರ ಬಾಯಿಗೆ ಟಿಂಚರ್ ಹಚ್ಚಿದ. ಪೆದ್ದಣ್ಣನನ್ನು ಕರೆದು ಅವಳ ಮುಂಗೈ ಹಿಡಿಯಲು ಹೇಳಿದ. ಬಂದ ದಾರಿಯಲ್ಲಿ ಗಾಳ ಹೊರಡುವುದಿಲ್ಲ, ಮುಂದಕ್ಕೇ ದೂಡಬೇಕು. ದೂಡಿದ. ಚರ್ಮ ಗುಡಾರದಂತೆ ಎದ್ದು, ಮುಳ್ಳಿನ ತುದಿ ಹೊರಗೆ ಬಂತು. ಗಂಗಕ್ಕನ ಬಾಯಿ ಅಗಲವಾಗಿ ತೆರೆಯಿತು. ಪೆದ್ದಣ್ಣ ಮುಖ ಕಿವುಚಿಕೊಂಡದ್ದನ್ನು ನೋಡಿ, ಆಕೆ ಜೋರಾಗಿಯೇ ಚೀರಿರಬೇಕು ಎಂದುಕೊಂಡ. ಮುಳ್ಳನ್ನು ಇಕ್ಕಳದಲ್ಲಿ ಕತ್ತರಿಸಿ, ಉಳಿದದ್ದನ್ನು ಹಿಂದಕ್ಕೆ ಎಳೆದ. ರಕ್ತ ಹರಿಯಿತು. ತೊಳೆದು, ಟಿಂಚರ್ ಸುರಿದು, ತನ್ನ ಹೆಗಲ ಮೇಲಿನ ವಸ್ತ್ರದ ಅಂಚು ಹರಿದು ಕಟ್ಟಿದ. ಆ ಹೆಂಗಸಿನ ಕೈಯನ್ನು ತಾನು ಹಿಡಿದಿದ್ದೇನೆ ಎಂಬುದು ಕಟ್ಟು ಬಿಗಿದ ಮೇಲೆ ನೆನಪಾಯಿತು. ನೆನಪಾದರೂ ಕೂಡಲೇ ಬಿಡಲಿಲ್ಲ. ಗಂಟು ಸರಿಯಾಗಿದೆಯೇ ನೋಡಿ ಬಿಟ್ಟ.

ಮೇಜಿನ ಕಡೆ ತಿರುಗಿದಾಗ ಬೆಂಡು ಕುಣಿಯುತ್ತಿತ್ತು. ಹಿಂದಿನ ಸ್ಟೇಷನ್ ಈ ಸ್ಟೇಷನ್ನಿನ ಹೆಸರು ಹಿಡಿದು ಕರೆಯುತ್ತಿತ್ತು, ನಿಲ್ಲಿಸಿ ಮತ್ತೆ ಕರೆಯುತ್ತಿತ್ತು. ಗುರುರಾಜ ಕೀಲಿ ಒತ್ತಿದ. ಆಚೆಯವನು ಮೊದಲು ಬೈದ, ಎಲ್ಲಿ ಸತ್ತಿದ್ದೆ ಎಂದ. ತಂತಿ ಇಲಾಖೆಯ ದೊಡ್ಡ ಸಾಹೇಬರ ಸ್ಪೆಷಲ್ ಗಾಡಿ, ಯಾರಿಗೂ ಹೇಳದೆ ತಪಾಸಣೆಗೆ ಬಂದದ್ದು, ಇಲ್ಲಿಂದ ಉತ್ತರವಿಲ್ಲದೆ ಅಲ್ಲಿ ಬಿಸಿಲಿನಲ್ಲಿ ನಿಂತುಬಿಟ್ಟಿತ್ತು.

ಗುರುರಾಜ ಬರಲಿ ಎಂದು ಕಳಿಸಿದ. ಆಮೇಲೆ ಪೆದ್ದಣ್ಣನನ್ನು ಕೇಳಿದ, “ನಿನಗ ಸಪ್ಪಳ ಕೇಳ್ಲಿಲ್ಲೇನು?”

“ಕೇಳ್ತಿತ್ರಿ ಸಾಮಿ. ಆಗ್ಲಿಂದ ಬಡಕೊಂತಾನ ಇತ್ತು. ಅದು ಯಾವಾಗ್ಲೂ ಬಡಕೊಂತೈತಲ್ಲ? ನೀವು ಕೇಳಾಕ ಹತ್ತೀರಿ ಅಂದ್ಕೊಂಡೆ.”

ಸಾಹೇಬರು ಮಂಗಳೂರು ಕಡೆಯವರು. ಪುಸ್ತಕದಂಥ ಕನ್ನಡ, ದಪ್ಪ ಮೀಸೆ. ಮೀಸೆಯಿಂದಾಗಿ ಗುರುರಾಜನಿಗೆ ಅವರ ಮಾತಿನಲ್ಲಿ ಅರ್ಧವೂ ಕಾಣಲಿಲ್ಲ. ಶ್ರೀರಾಮುಲು ಅರ್ಧ ಊಟದಲ್ಲಿ ಎದ್ದು ಓಡಿಬಂದು, ಕೈ ಒರೆಸಿಕೊಳ್ಳುತ್ತ ಪಕ್ಕದಲ್ಲಿ ನಿಂತಿದ್ದರು.

ಸಾಹೇಬರು ಯಂತ್ರದ ಮುಂದೆ ಬಗ್ಗಿ ಗರಿಯನ್ನು ನೋಡಿದರು. ಬೆಂಡು ನೋಡಿದರು. ಬಿಳಿ ಕಾಗದ ನೋಡಿದರು. ಅವರೂ ಚಿಕ್ಕಂದಿನಲ್ಲಿ ಕೀಲಿ ಒತ್ತಿ ಮೇಲೆ ಬಂದವರು. ಸುಮ್ಮನೆ ನಡೆದು ಗುರುರಾಜನ ಬೆನ್ನ ಹಿಂದೆ ಹೋದರು. ಜೇಬಿನಿಂದ ಬೀಗದ ಕೈಗಳ ಗೊಂಚಲು ತೆಗೆದು ನೆಲಕ್ಕೆ ಹಾಕಿದರು. ಶ್ರೀರಾಮುಲು ತಿರುಗಿದರು, ಪೆದ್ದಣ್ಣ ತಿರುಗಿದ, ಮೂಲೆಯಲ್ಲಿ ಕೈ ಎದೆಗೊತ್ತಿ ಕುಳಿತಿದ್ದ ಗಂಗಕ್ಕ ತಿರುಗಿದಳು. ಗುರುರಾಜ ಎಲ್ಲರೂ ತನ್ನ ಹಿಂದೆ ಏನು ನೋಡುತ್ತಿದ್ದಾರೆ ಎಂದು ತಡವಾಗಿ ತಿರುಗಿದ. ನೆಲದ ಮೇಲೆ ಬೀಗದ ಕೈಗಳನ್ನು ಕಂಡ. ಮುಗಿಯಿತು ಎಂದುಕೊಂಡ.

ಶ್ರೀರಾಮುಲು ಅವನ ಮುಖದ ಎದುರಿಗೇ ಬಂದು ನಿಂತರು. “ಎಷ್ಟು ದಿನದಿಂದ?”

“ದಸರೆಯಿಂದ್ರಿ.”

“ದೇವರ ಗರಿ ಅಂತ ದಿನಾ ಕಣ್ಣಿಗೆ ಒತ್ತಿಕೊಂಡೆ ಕದಯ್ಯಾ! ನೀ ಕೇಳ್ತೀಯ ಅಂತ ನಂಬಿ ನಾ ಮನಿಗೆ ಹೋಗಿ ಊಟ ಮಾಡ್ತಿದ್ದೆ, ಮಲಗ್ತಿದ್ದೆ.” ಅವರ ಕಣ್ಣಿನಲ್ಲಿ ಕೋಪಕ್ಕಿಂತ ಹೆಚ್ಚಾಗಿ ಭಯವಿತ್ತು. ಆ ಭಯವನ್ನು ಗುರುರಾಜ ಅದೇ ಮೊದಲು ನೋಡಿದ್ದು. ತನ್ನ ಕೆಲಸ ಉಳಿಯುತ್ತದೋ ಇಲ್ಲವೋ ಎಂಬುದರ ಹೊರತು ಬೇರೊಬ್ಬರ ಭಯ ಅವನ ಲೆಕ್ಕದಲ್ಲಿ ಇರಲಿಲ್ಲ.

ಸಾಹೇಬರು ಶ್ರೀರಾಮುಲುವನ್ನು ಸರಿಸಿ, ಗುರುರಾಜನಿಗೆ ಕಾಗದ ಪೆನ್ಸಿಲ್ ಕೊಟ್ಟು ಕೂರಿಸಿದರು. ಹಳೆಯ ಪತ್ರಿಕೆಯೊಂದರಲ್ಲಿ ತಲೆಗೂದಲಿನ ಎಣ್ಣೆಯ ಜಾಹೀರಾತು ಹುಡುಕಿ, ಅದನ್ನು ತಾವೇ ಕೀಲಿ ಒತ್ತಿ ಕಳಿಸತೊಡಗಿದರು. ಮೊದಲು ನಿಧಾನ, ಆಮೇಲೆ ಜೋರು, ಆಮೇಲೆ ಬೇಕೆಂದೇ ಕೆಟ್ಟ ಕೈಯಲ್ಲಿ. ಗುರುರಾಜ ಬೆಂಡು ನೋಡುತ್ತ ಬರೆದ. ಬರೆದ ಕಾಗದವನ್ನು ಸಾಹೇಬರು ಪತ್ರಿಕೆಯ ಪಕ್ಕದಲ್ಲಿಟ್ಟು ಓದಿದರು. ಒಂದು ಅಕ್ಷರವೂ ತಪ್ಪಿರಲಿಲ್ಲ. ಅವರು ಮೀಸೆಯನ್ನು ಎರಡು ಬೆರಳಿನಿಂದ ಬದಿಗೆ ಸರಿಸಿಕೊಂಡು, ತುಟಿ ಕಾಣುವ ಹಾಗೆ ಹೇಳಿದರು.

“ನನ್ನ ಸರ್ವೀಸಿನಲ್ಲಿ ಇಂಥದನ್ನು ನಾನು ನೋಡಿಲ್ಲ. ಒಂದೇ ಪ್ರಶ್ನೆ. ನೀವು ಈ ಕಡೆ ತಿರುಗಿದಾಗ ಆ ಕಡೆಯಿಂದ ಕರೆದರೆ?”

ಹೇಳಲು ಗುರುರಾಜನ ಹತ್ತಿರ ಹಲವು ಮಾತುಗಳಿದ್ದವು. ಮೇಜು ತಿರುಗಿಸಿದ್ದು, ಲೋಟದ ಮೇಲಿಂದ ನೋಡುತ್ತಿದ್ದದ್ದು, ಇಷ್ಟು ತಿಂಗಳು ತಪ್ಪಿಲ್ಲದೆ ನಡೆದದ್ದು. ಮೂಲೆಯಲ್ಲಿ ಗಂಗಕ್ಕನ ಕೈಯ ಬಟ್ಟೆ ಕೆಂಪಗಾಗಿತ್ತು. ನಾಳೆ ಇನ್ನೊಬ್ಬರು ಹೀಗೆ ಬಂದು ನಿಂತರೆ ತಾನು ಮತ್ತೆ ಆ ಕಡೆಗೇ ತಿರುಗುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು.

“ಆಗ ಗೊತ್ತಾಗೂದಿಲ್ರಿ,” ಎಂದ.

ಸಾಹೇಬರು ತಲೆಯಾಡಿಸಿದರು. ಹೋಗುವ ಮೊದಲು ಶ್ರೀರಾಮುಲುವಿನ ಜೊತೆ ಪ್ಲಾಟ್‌ಫಾರ್ಮಿನಲ್ಲಿ ಬಹಳ ಹೊತ್ತು ನಿಂತು ಮಾತಾಡಿದರು. ಏನು ಮಾತಾಡಿದರೆಂಬುದು ಅವರ ಬೆನ್ನು ಈ ಕಡೆ ಇದ್ದದ್ದರಿಂದ ಗುರುರಾಜನಿಗೆ ತಿಳಿಯಲಿಲ್ಲ. ವಾರದೊಳಗೆ ಆದವಾನಿಯ ಗೂಡ್ಸ್ ಶೆಡ್ಡಿಗೆ ಅವನನ್ನು ವರ್ಗ ಮಾಡಿದ ಆಜ್ಞೆ ಬಂತು. ಒತ್ತಿ ಕಟ್ಟಿದ ಹತ್ತಿಯ ಅಂಡಿಗೆಗಳಿಗೆ ಗುರುತು ಹಾಕಿಸಿ ವ್ಯಾಗನ್ನಿಗೆ ತುಂಬಿಸುವ ಗುಮಾಸ್ತೆಯ ಕೆಲಸ. ತಾರ್ ಬಾಬು ಎಂಬ ಹೆಸರು ಹೋಯಿತು, ಕೆಲಸ ಉಳಿಯಿತು. ಶ್ರೀರಾಮುಲು ಆ ವಾರವಿಡೀ ಅವನ ಜೊತೆ ಮಾತಾಡಲಿಲ್ಲ. ಕೊನೆಯ ದಿನ ಮಾತ್ರ ಬ್ರೇಕ್‌ವ್ಯಾನಿಗೆ ಸಾಮಾನು ಏರಿಸುವಾಗ ತಾವೇ ಬಂದು, ಕಾವೇರಿಬಾಯಿಯ ತುಳಸಿಯ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟರು.

ಗಂಗಕ್ಕ ಕಟ್ಟು ಬಿಚ್ಚಿದ ಕೈಯನ್ನು ತೋರಿಸಲು ಬಂದಿದ್ದಳು. “ನನ್ನಿಂದ ಹಿಂಗಾತಲ್ಲ,” ಎಂದಳು.

“ನಿನ್ನಿಂದಲ್ಲ ಗಂಗಕ್ಕ. ಇವತ್ತಲ್ಲ ನಾಳೆ ಆಗೋದೇ ಇತ್ತು. ಗಾಡಿ ತಡ ಆತು ಅಷ್ಟೇ, ಬ್ಯಾರೆ ಏನೂ ಆಗ್ಲಿಲ್ಲ.”

ಗಾಡಿಯಲ್ಲಿ ಕಾವೇರಿಬಾಯಿ ಕಿಟಕಿಯ ಪಕ್ಕ ಕುಳಿತು, ಎದುರಿಗಿದ್ದ ಗಂಡನ ಜೊತೆ ದಾರಿಯುದ್ದಕ್ಕೂ ಜೋರಾಗಿ ಮಾತಾಡಿದಳು. ಡಬ್ಬಿಯಲ್ಲಿದ್ದವರೆಲ್ಲ ತಿರುಗಿ ನೋಡಿದರೂ ದನಿ ತಗ್ಗಿಸಲಿಲ್ಲ. ಇಷ್ಟು ತಿಂಗಳು ಗೋಡೆಯಾಚೆ ಯಾರಿಗೂ ಕೇಳಬಾರದೆಂದು ತುಟಿಯಲ್ಲೇ ಮಾತಾಡಿದ್ದ ಹೆಂಗಸು ಅವಳು. ಅವನು ಬಹಳ ದಿನಗಳ ಮೇಲೆ ಕಿಟಕಿಯಾಚೆ ನೋಡಿದ. ಜೋಳದ ಹೊಲಗಳು ಕೊಯ್ಲಾಗಿ ಬಯಲಾಗಿದ್ದವು. ಎಲ್ಲಿ ಬೇಕಾದರೂ ನೋಡಬಹುದಾಗಿತ್ತು, ಎಷ್ಟು ಹೊತ್ತು ಬೇಕಾದರೂ.

ಆದವಾನಿಯ ಗೂಡ್ಸ್ ಶೆಡ್ಡಿನಲ್ಲಿ ಮೊದಲ ದಿನ ಬೆಳಿಗ್ಗೆ ಹತ್ತಿಯ ಅಂಡಿಗೆಗಳು ಮಾಡಿನವರೆಗೆ ಏರಿದ್ದವು. ಹಮಾಲರ ಮೇಸ್ತ್ರಿ ಬಜಾರಪ್ಪ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಒಂದು ಅಂಡಿಗೆಯ ಹಿಂದಿನಿಂದ ಏನೋ ಕೇಳುತ್ತಿದ್ದ. ಅವನ ಕೈ ಆಡುತ್ತಿದ್ದುದರಿಂದ ಕೇಳುತ್ತಿದ್ದಾನೆಂದು ಗುರುರಾಜನಿಗೆ ಗೊತ್ತಾಯಿತು. ಉತ್ತರ ಬರದಿದ್ದಾಗ ತಲೆ ಈಚೆ ಚಾಚಿದ ಬಜಾರಪ್ಪನ ಹುಬ್ಬು ಗಂಟಿಕ್ಕಿತು. ಹೊಸ ಬಾಬುಗೆ ಸೊಕ್ಕು ಎಂದು ಪಕ್ಕದವನಿಗೆ ಹೇಳಿದ್ದು ಅವನ ತುಟಿಯ ಮೇಲೆ ಸ್ಪಷ್ಟವಾಗಿ ಕಂಡಿತು.

ಗುರುರಾಜ ಅಂಡಿಗೆಗಳನ್ನು ಸುತ್ತಿ ಅವನ ಎದುರಿಗೆ ಹೋಗಿ ನಿಂತ.

“ನನಗ ಕಿವಿ ಕೇಳ್ಸೂದಿಲ್ಲಪಾ,” ಎಂದ. “ಮಾರಿ ಎದುರಿಗೆ ಬಂದು ಹೇಳು.”

ಬಜಾರಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಹೊರಗೆ ಹೋಗಿ ಉಗುಳಿ ಬಂದು, ಟವೆಲ್ಲಿನಿಂದ ತುಟಿ ಒರೆಸಿಕೊಂಡು, ನಿಧಾನವಾಗಿ ಮತ್ತೆ ಕೇಳಿದ, “ಈ ಸಾಲಿನವು ಮದ್ರಾಸಿಗೆ ಹೋಗ್ತಾವೋ, ಬೊಂಬಾಯಿಗೋ?”